ಅಲಂಕಾರ ತೆಗೆದು ಫೋಟೋ ತೆಗೆಯಿರಿ

ಹಳೆಯ ವಸ್ತು ಕಳುವಾದ ಮನೆಯವರು ನನ್ನ ಬಳಿಗೆ ಬಂದಾಗ, ಫೋಟೋ ಇದೆಯೇ ಎಂದು ಮೊದಲು ಕೇಳುತ್ತೇನೆ. ಇದೆ ಎಂದು ಮೊಬೈಲು ತೆರೆದು ತೋರಿಸುತ್ತಾರೆ. ನಾನು ವರ್ಷಗಳಿಂದ ನೋಡುತ್ತ ಬಂದಿರುವ ಚಿತ್ರವೇ ಅಲ್ಲೂ ಇರುತ್ತದೆ: ಹಬ್ಬದ ದಿನದ ದೇವರ ಕೋಣೆ, ಸೇವಂತಿಗೆಯ ಹಾರ, ರೇಷ್ಮೆಯ ತುಂಡು, ಅಂಟಿಸಿದ ಬೆಳ್ಳಿಯ ಕಣ್ಣು, ಇವೆಲ್ಲದರ ನಡುವೆ ಬೆರಳಗಲ ಕಾಣುವ ಕಂಚಿನ ಮುಖ. ಆ ಚಿತ್ರದಿಂದ ಹೂವು ಯಾವುದೆಂದು ಹೇಳಬಹುದೇ ಹೊರತು ಮೂರ್ತಿ ಯಾವುದೆಂದು ಹೇಳಲಾಗುವುದಿಲ್ಲ.

ಸಂಗ್ರಹಾಲಯದ ದಾಖಲಾತಿ ವಿಭಾಗದಲ್ಲಿ ನೌಕರಿ ಮುಗಿಸಿ, ಈಗ ಮನೆತನದ ಹಳೆಯ ವಸ್ತುಗಳ ಪಟ್ಟಿ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಬೀಗ, ಕಿಟಕಿಯ ಸರಳು, ಕ್ಯಾಮೆರಾಗಳ ವಿಷಯ ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ಅವರ ಮಾತು ಕೇಳಿ ಹಾಕಿಸಿಕೊಳ್ಳಿ. ನಾನು ಮತ್ತೆ ಮತ್ತೆ ಹೇಳಿಯೂ ಜನರ ತಲೆಗೆ ಇಳಿಯದ ಸಂಗತಿಯೆಂದರೆ, ಕಳುವಾದ ವಸ್ತು ಸಿಕ್ಕಿದಾಗ ಅದು ನಿಮ್ಮದೇ ಎಂದು ಸಾಕ್ಷಿ ಹೇಳುವುದು ಅದರ ಊನಗಳು ಎಂಬುದು.

ಮಲೆನಾಡಿನ ಒಂದು ತೊಟ್ಟಿಮನೆಯಿಂದ ಗೇಣುದ್ದದ ವೇಣುಗೋಪಾಲನೂ ಎರಡು ತೂಗುದೀಪಗಳೂ ಕಳುವಾಗಿದ್ದವು. ಕೆಲವು ತಿಂಗಳ ಬಳಿಕ ಪಕ್ಕದ ಜಿಲ್ಲೆಯ ಪೊಲೀಸರು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದ ಮಾಲು ಹಿಡಿದರು. ಅದರಲ್ಲಿ ಮೂರು ವೇಣುಗೋಪಾಲ ಮೂರ್ತಿಗಳಿದ್ದವು. ಮೂರಕ್ಕೂ ಗೇಣುದ್ದದ ಎತ್ತರ, ಮೂರಕ್ಕೂ ಅಡ್ಡ ಇಟ್ಟ ಕಾಲು. ಮಗ ತಂದಿದ್ದ ಚಿತ್ರ ಮೇಲೆ ಹೇಳಿದ ಬಗೆಯದೇ ಆಗಿದ್ದರಿಂದ ಯಾರಿಗೂ ಏನೂ ತೋಚಲಿಲ್ಲ. ಜೊತೆಗೆ ಬಂದಿದ್ದ ಅಜ್ಜಿ ಅಷ್ಟು ಹೊತ್ತು ಬೆಂಚಿನ ಮೇಲೆ ಕುಳಿತಿದ್ದವರು ಎದ್ದು ಬಂದು, “ನಮ್ಮ ಗೋಪಾಲನ ಎಡಗಾಲಿನ ಹಿಂದೆ ಒಂದು ಗುಳಿ ಇದೆ, ತೊಳೆಯುವಾಗ ಹುಣಸೆಹಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತೆ, ಕಡ್ಡಿ ಹಾಕಿಯೇ ತೆಗೀಬೇಕು” ಎಂದರು. ಪೊರಕೆಯಿಂದ ಒಂದು ಕಡ್ಡಿ ಮುರಿದು ತಂದು ನೋಡಿದರೆ, ಎರಡನೆಯ ಮೂರ್ತಿಯ ಕಾಲಿನ ಹಿಂದಿನ ಗುಳಿಯಿಂದ ಒಣಗಿ ಕಪ್ಪಾದ ಹುಣಸೆಯ ನಾರು ಹೊರಬಂತು. ಅಲ್ಲಿದ್ದ ನಾನು, ಇಷ್ಟು ವರ್ಷ ದಾಖಲಾತಿ ಮಾಡಿದ್ದೇನೆಂಬ ಜಂಬವನ್ನು ಸ್ವಲ್ಪ ಹೊತ್ತು ಮಡಿಚಿಟ್ಟೆ.

ಆ ಗುಳಿ ಏಕೆ ಇತ್ತು ಎಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡೆಯ ಹಳೆಯ ಲೋಹದ ಮೂರ್ತಿಗಳಲ್ಲಿ ಹೆಚ್ಚಿನವು ಮಧೂಚ್ಛಿಷ್ಟ ವಿಧಾನದಲ್ಲಿ ಎರಕ ಹೊಯ್ದವು. ಮೇಣದಲ್ಲಿ ರೂಪ ತಿದ್ದಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಯಬಿಟ್ಟು, ತೆರವಾದ ಜಾಗಕ್ಕೆ ಕರಗಿದ ಲೋಹವನ್ನು ಸುರಿಯುತ್ತಾರೆ. ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆದೇ ಮೂರ್ತಿಯನ್ನು ಹೊರಗೆ ತೆಗೆಯಬೇಕು. ಅಚ್ಚು ಒಡೆದುಹೋಗುವುದರಿಂದ ಒಂದರ ಹಾಗೆ ಇನ್ನೊಂದು ಹುಟ್ಟುವುದಿಲ್ಲ. ಒಳಗೆ ಸಿಕ್ಕಿದ ಗಾಳಿಗುಳ್ಳೆ ಒಂದು ಕಡೆ ಗುಳಿಯಾಗುತ್ತದೆ, ಲೋಹ ತುಂಬದೆ ಹೋದ ಕಡೆ ಎರಕದವನು ಸಣ್ಣ ತೇಪೆ ಕೂರಿಸಿರುತ್ತಾನೆ, ಪೀಠದ ಅಡಿಯಲ್ಲಿ ಅರದ ಗೆರೆಗಳು ಉಳಿದಿರುತ್ತವೆ. ಮುಖ, ಕಿರೀಟ, ಕೊಳಲುಗಳನ್ನು ಶಿಲ್ಪಿ ಲಕ್ಷಣಕ್ಕೆ ಸರಿಯಾಗಿ ಮಾಡುವುದರಿಂದ ಅವು ಹತ್ತು ಮೂರ್ತಿಗಳಲ್ಲೂ ಹೆಚ್ಚುಕಡಿಮೆ ಒಂದೇ ತೆರ ಕಾಣುತ್ತವೆ. ಆ ಒಂದು ಮೂರ್ತಿಯನ್ನು ಬೇರೆಯದರಿಂದ ಬಿಡಿಸಿ ತೋರಿಸುವುದು ಅವನ ಕೈತಪ್ಪು, ಆಮೇಲೆ ತಲೆಮಾರುಗಳ ಬಳಕೆಯಲ್ಲಿ ಬಿದ್ದ ನೆಗ್ಗು, ಸವೆತ, ಬೆಸುಗೆ.

ಆದ್ದರಿಂದ ನಿಮ್ಮ ಫೋಟೋ ಹೀಗಿರಲಿ. ಅಲಂಕಾರವನ್ನೆಲ್ಲ ತೆಗೆದು, ಫ್ಲಾಶ್ ಹಾಕದೆ, ಕಿಟಕಿಯ ಪಕ್ಕದಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಮುಂದೆ, ಹಿಂದೆ, ಎರಡೂ ಪಕ್ಕ, ಮೇಲೆ, ಅಡಿ ಎಂದು ಬೇರೆ ಬೇರೆ ತೆಗೆಯಿರಿ. ಪಕ್ಕದಲ್ಲಿ ಶಾಲೆಯ ಸ್ಕೇಲು ಇಟ್ಟುಕೊಳ್ಳಿ. ಪ್ರತಿಯೊಂದು ಊನವನ್ನೂ ಹತ್ತಿರದಿಂದ ತೆಗೆಯಿರಿ. ಎತ್ತರ, ಅಗಲ, ಆಳಗಳನ್ನು ಸೆಂಟಿಮೀಟರಿನಲ್ಲೂ ತೂಕವನ್ನು ಗ್ರಾಮಿನಲ್ಲೂ ಬರೆಯಿರಿ, ಅಡುಗೆಮನೆಯ ತಕ್ಕಡಿ ಸಾಕು. ಇದು ನನ್ನ ಸ್ವಂತ ಹಟವೇನೂ ಆಗಿರದೆ, 1997ರಲ್ಲಿ ರೂಪುಗೊಂಡ ‘ಆಬ್ಜೆಕ್ಟ್ ಐಡಿ’ ಎಂಬ ಅಂತರರಾಷ್ಟ್ರೀಯ ಮಾನದಂಡವೂ ಅಳತೆ, ಬರಹಗಳ ಜೊತೆಗೆ ವಸ್ತುವಿನ ವಿಶೇಷ ಗುರುತುಗಳನ್ನು ಕೇಳುತ್ತದೆ. ಇಂಟರ್‌ಪೋಲ್ 2021ರಲ್ಲಿ ಹೊರತಂದ ‘ಐಡಿ-ಆರ್ಟ್’ ಎಂಬ ಉಚಿತ ಆ್ಯಪ್‌ನಲ್ಲಿ ಖಾಸಗಿಯವರೂ ತಮ್ಮ ವಸ್ತುಗಳ ಪಟ್ಟಿಯನ್ನು ಇಟ್ಟುಕೊಳ್ಳಬಹುದು. ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದಿಂದ ಕಳುವಾಗಿ, 2008ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಗ್ಯಾಲರಿ ಸುಮಾರು 50 ಲಕ್ಷ ಡಾಲರಿಗೆ ಕೊಂಡಿದ್ದ ನಟರಾಜ 2014ರಲ್ಲಿ ಭಾರತಕ್ಕೆ ಮರಳಿದ್ದರ ಹಿಂದೆಯೂ ಪುದುಚೇರಿಯ ಫ್ರೆಂಚ್ ಸಂಸ್ಥೆ ಅಧ್ಯಯನಕ್ಕೆಂದು ತೆಗೆದಿರಿಸಿದ್ದ ಹಳೆಯ ಛಾಯಾಚಿತ್ರಗಳಿದ್ದವು.

ಮೂರ್ತಿಗೆ ಹೇಳಿದ್ದು ಉಳಿದವಕ್ಕೂ ಸಲ್ಲುತ್ತದೆ. ಮೈಸೂರು ಶೈಲಿಯ ಚಿತ್ರಪಟವಾದರೆ ಚೌಕಟ್ಟಿನ ಹಿಂಬದಿಯ ಹಲಗೆ, ಹುಳು ಕೊರೆದ ತೂತು, ಕಟ್ಟು ಹಾಕಿದ ಅಂಗಡಿಯ ಚೀಟಿ. ತಾಳೆಗರಿಯ ಕಟ್ಟಾದರೆ ಗರಿಗಳ ಎಣಿಕೆ, ಮೊದಲ ಮತ್ತು ಕೊನೆಯ ಗರಿ, ಮುರಿದ ಅಂಚು. ಬಿದರಿಯ ಹೂಜಿಯಾದರೆ ಬೆಳ್ಳಿಯ ಎಳೆ ಕಿತ್ತುಹೋದ ಜಾಗ.

ಇನ್ನು ಕೆಲವರು ಅತ್ಯುತ್ಸಾಹಿಗಳು. ನಮ್ಮ ಮನೆಗಳಲ್ಲಿ ಸ್ಟೀಲಿನ ಲೋಟಕ್ಕೂ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸುವ ಪದ್ಧತಿ ಇದೆಯಷ್ಟೆ. ಪತ್ರಿಕೆಯಲ್ಲಿ ಕಳವಿನ ಸುದ್ದಿ ಓದಿದ ಒಬ್ಬ ಮಹನೀಯರು ಅದೇ ಯಂತ್ರದವನನ್ನು ಕರೆಸಿ, ಮುತ್ತಾತನ ಕಾಲದ ಕಂಚಿನ ಗಣಪತಿಯ ಬೆನ್ನಿಗೆ ತಮ್ಮ ಇನಿಷಿಯಲ್ ಸಮೇತ ಹೆಸರು ಕೊರೆಸಿಬಿಟ್ಟರು. ದಯವಿಟ್ಟು ಹಾಗೆ ಮಾಡಬೇಡಿ. ಸಂಗ್ರಹಾಲಯದಲ್ಲಿ ನಾವು ಕಾಣದ ಜಾಗದಲ್ಲಿ ಪ್ಯಾರಲಾಯ್ಡ್ ಎಂಬ ಅಂಟಿನ ತೆಳುಪದರ ಹಚ್ಚಿ, ಅದರ ಮೇಲೆ ಸಂಖ್ಯೆ ಬರೆಯುತ್ತೇವೆ, ಬೇಕೆಂದಾಗ ಅಸಿಟೋನಿನಿಂದ ಅಳಿಸಲು ಬರುವ ಹಾಗೆ. ಅದನ್ನೂ ಕೈ ಪಳಗದವರು ಮನೆಯಲ್ಲಿ ಪ್ರಯತ್ನಿಸದಿರುವುದು ಒಳ್ಳೆಯದು.

ದಾಖಲೆಯನ್ನು ಎಲ್ಲಿ ಇಡಬೇಕೆಂಬುದನ್ನು ಹೇಳುವ ಅಗತ್ಯವಿಲ್ಲ ಎಂದುಕೊಂಡಿದ್ದೆ. ನಾನೇ ಶ್ರದ್ಧೆಯಿಂದ ಮಾಡಿಕೊಟ್ಟಿದ್ದ ಆಲ್ಬಮ್ಮನ್ನು ಒಂದು ಮನೆಯವರು ಬೆಳ್ಳಿಯ ಸಾಮಾನು ಇದ್ದ ಪೆಟ್ಟಿಗೆಯಲ್ಲೇ ಇಟ್ಟಿದ್ದರು. ಕಳ್ಳ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದ. ಒಂದು ಪ್ರತಿ ಇಮೇಲಿನಲ್ಲಿರಲಿ, ಮುದ್ರಿಸಿ ದಿನಾಂಕ ಹಾಕಿದ ಇನ್ನೊಂದು ಪ್ರತಿ ಬೇರೆ ಊರಿನ ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ. ಅದೇ ಚಿತ್ರಗಳನ್ನು ಗೊಂಬೆ ಹಬ್ಬದ ಸಂಭ್ರಮದಲ್ಲಿ, ನೂರು ವರ್ಷದ ಪಟ್ಟದ ಗೊಂಬೆ ಎಂಬ ವಿವರಣೆ ಮತ್ತು ಬಡಾವಣೆಯ ಹೆಸರಿನೊಂದಿಗೆ ಫೇಸ್‌ಬುಕ್ಕಿಗೆ ಹಾಕಬೇಡಿ. ನಾನು ಕಂಡ ಪ್ರಕರಣಗಳ ಮಟ್ಟಿಗೆ ಹೇಳುವುದಾದರೆ, ಮನೆಯಲ್ಲಿ ಏನಿದೆ, ಎಲ್ಲಿದೆ ಎಂದು ಮೊದಲೇ ಗೊತ್ತಿದ್ದವರ ಮೂಲಕವೇ ಸುದ್ದಿ ಹೊರಗೆ ಹೋಗಿದೆ.

ಪಟ್ಟಿ ಮಾಡೋಣ ಎಂದೊಡನೆ ಎದುರಾಗುವ ಭಯವೆಂದರೆ, ಸರ್ಕಾರಕ್ಕೆ ಗೊತ್ತಾದರೆ ಎತ್ತಿಕೊಂಡು ಹೋಗುತ್ತದೆ ಎಂಬುದು. ಪುರಾವಸ್ತುಗಳು ಮತ್ತು ಕಲಾನಿಧಿಗಳ 1972ರ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತು ಪುರಾವಸ್ತು. ಮೌಲ್ಯವುಳ್ಳ ಹಸ್ತಪ್ರತಿಗೆ 75 ವರ್ಷ ಸಾಕು. ಇವುಗಳಲ್ಲಿ ಶಿಲ್ಪ, ವರ್ಣಚಿತ್ರ, ಸಚಿತ್ರ ಹಸ್ತಪ್ರತಿಯಂಥ ಅಧಿಸೂಚಿತ ವರ್ಗಗಳನ್ನು ನೋಂದಾಯಿಸಬೇಕು. ನೋಂದಣಿಯಾದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ, ವಸ್ತು ನಿಮ್ಮ ದೇವರ ಕೋಣೆಯಲ್ಲೇ ಇರುತ್ತದೆ. ಪರಿಹಾರ ಕೊಟ್ಟು ವಶಪಡಿಸಿಕೊಳ್ಳುವ ಅಧಿಕಾರ ಕಾಯ್ದೆಯಲ್ಲಿ ಇದೆ ಎಂಬುದನ್ನು ಮುಚ್ಚಿಡುವುದಿಲ್ಲವಾದರೂ, ನಾನು ಪಟ್ಟಿ ಮಾಡಿಕೊಟ್ಟ ಯಾವ ಮನೆಯಲ್ಲೂ ಅದು ಬಳಕೆಯಾದದ್ದನ್ನು ಕಂಡಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಕಳುಹಿಸಬಹುದೇ ಎಂದು ಕೇಳುವವರಿಗೆ ಮಾತ್ರ ನನ್ನ ಉತ್ತರ ಖಡಾಖಂಡಿತ: ಪುರಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ.

ಬ್ಯಾಂಕಿನ ಲಾಕರಿನಲ್ಲಿದೆ, ನಮಗೇಕೆ ಪಟ್ಟಿ ಎನ್ನುವವರೂ ಇದ್ದಾರೆ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಕಳವು, ಬೆಂಕಿ, ಸಿಬ್ಬಂದಿಯ ವಂಚನೆ ಮುಂತಾದ ಸಂದರ್ಭಗಳಲ್ಲಿ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಬಾಡಿಗೆ 3,000 ರೂಪಾಯಿ ಇದ್ದರೆ 3 ಲಕ್ಷ. ಒಳಗೆ ಏನಿತ್ತೆಂಬುದು ಬ್ಯಾಂಕಿಗೆ ತಿಳಿದಿರುವುದಿಲ್ಲ. ಗೃಹವಿಮೆಯಲ್ಲೂ ಹಳೆಯ ಕಲಾವಸ್ತುಗಳನ್ನು ಸಾಮಾನ್ಯವಾಗಿ ಪ್ರತ್ಯೇಕವಾಗಿ ಘೋಷಿಸಿ ಬೆಲೆ ಕಟ್ಟಿಸಬೇಕಾಗುತ್ತದೆ. ನಿಮ್ಮ ಪಾಲಿಸಿಯ ಷರತ್ತನ್ನು ಓದಿಕೊಳ್ಳಿ.

ಅಷ್ಟಾಗಿಯೂ ಕಳವಾದರೆ, ದೂರಿನಲ್ಲಿ ‘ಹಳೆಯ ಕಾಲದ ಕೃಷ್ಣನ ವಿಗ್ರಹ 1’ ಎಂದು ಬರೆದು ಸಹಿ ಹಾಕಿ ಬರಬೇಡಿ. ಅಳತೆ, ತೂಕ, ಗುರುತುಗಳನ್ನು ದೂರಿನಲ್ಲೇ ಬರೆಯಿಸಿ, ಚಿತ್ರಗಳನ್ನು ಲಗತ್ತಿಸಿ. ನಾನು ವಕೀಲನಲ್ಲ, ಆದರೂ ಮಾಲು ಸಿಕ್ಕ ಮೇಲೆ ಸೇರಿಸಿದ ವಿವರಕ್ಕಿಂತ ಮೊದಲ ದಿನವೇ ಬರೆಯಿಸಿದ ವಿವರಕ್ಕೆ ಹೆಚ್ಚು ತೂಕ ಸಿಕ್ಕುವುದನ್ನು ನೋಡಿದ್ದೇನೆ. ತೊಟ್ಟಿಮನೆಯವರು ಅಜ್ಜಿಯ ಹೇಳಿಕೆಯ ಬಲದಿಂದ, ಮುಚ್ಚಳಿಕೆ ಬರೆದುಕೊಟ್ಟು ನ್ಯಾಯಾಲಯದ ಆದೇಶದ ಮೇರೆಗೆ ಮೂರ್ತಿಯನ್ನು ಮನೆಗೆ ತಂದುಕೊಂಡರು.

ಅದಾದ ಮೇಲೆ ದಾಖಲಾತಿಗೆಂದು ಅವರ ಮನೆಗೆ ಹೋದಾಗ ಅಜ್ಜಿಯೇ ಅಡ್ಡ ಬಂದರು. ಪೀಠದ ಅಡಿಯ ಚಿತ್ರ ಬೇಕು ಎಂದೆ. ದೇವರನ್ನು ತಲೆಕೆಳಗು ಮಾಡುವುದು ಸಲ್ಲದು ಎಂದರು. ಇದು ನನಗೆ ಎಷ್ಟೋ ಮನೆಗಳಲ್ಲಿ ಎದುರಾಗಿರುವ ಮಾತು, ಇದರೊಂದಿಗೆ ವಾದ ಮಾಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅಭಿಷೇಕಕ್ಕೆಂದು ಪೀಠದಿಂದ ಎತ್ತುವ ಹೊತ್ತಿಗೆ ಕಾದಿದ್ದು, ಮಡಿಯಲ್ಲಿದ್ದ ಸೊಸೆ ಮೂರ್ತಿಯನ್ನು ನೇರವಾಗಿಯೇ ಎರಡೂ ಕೈಯಲ್ಲಿ ಎತ್ತಿ ಹಿಡಿದರು, ನಾನು ಹೊಸ್ತಿಲಾಚೆ ಕುಳಿತು ಒಂದು ಕನ್ನಡಿಯನ್ನು ಕೆಳಗೆ ಸರಿಸಿ, ಅದರಲ್ಲಿ ಕಂಡ ಅರದ ಗೆರೆಗಳ ಚಿತ್ರ ತೆಗೆದುಕೊಂಡೆ. ಕನ್ನಡಿಯಲ್ಲಿ ಎಡಬಲ ತಿರುವುಮುರುವಾಗುವುದರಿಂದ ಆ ಚಿತ್ರದ ಕೆಳಗೆ ‘ಕನ್ನಡಿಯ ಬಿಂಬ’ ಎಂದು ಬರೆದಿಟ್ಟಿದ್ದೇನೆ.