ಹಾರ್ಡ್ ಡಿಸ್ಕ್ ಹುಟ್ಟಿದ್ದು ಕಾಯುವ ಕಷ್ಟದಿಂದ

ಕಾಂತದಲ್ಲಿ ಮಾಹಿತಿ ಹಿಡಿದಿಡುವುದು ಕಂಪ್ಯೂಟರಿಗಿಂತ ಹಳೆಯ ವಿದ್ಯೆ. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ 1898ರಲ್ಲೇ ಉಕ್ಕಿನ ತಂತಿಯ ಮೇಲೆ ಧ್ವನಿ ದಾಖಲಿಸಿದ್ದರು. 1928ರಲ್ಲಿ ಫ್ರಿಟ್ಸ್ ಫ್ಲೊಯ್ಮರ್ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಅಂಟಿಸಿ ಟೇಪು ಮಾಡಿದರು. 1951ರ ಯೂನಿವ್ಯಾಕ್ ಕಂಪ್ಯೂಟರಿನ ಮಾಹಿತಿಯೂ ಟೇಪಿನಲ್ಲೇ ಇರುತ್ತಿತ್ತು, ಅದು ಲೋಹದ ಟೇಪು.

ಆದರೆ ಟೇಪಿಗೆ ಒಂದು ದೊಡ್ಡ ಕಷ್ಟವಿದೆ. ಬೇಕಾದ ಲೆಕ್ಕ ಸುರುಳಿಯ ಕೊನೆಯಲ್ಲಿದ್ದರೆ ಇಡೀ ಸುರುಳಿ ಓಡಬೇಕು, ಅಲ್ವಾ? ಮಾಹಿತಿ ಬರೆದಿಡಲು ತೂತು ಹೊಡೆದ ಕಾರ್ಡುಗಳ ಪಾಡೂ ಅದೇ. ಒಬ್ಬ ಗ್ರಾಹಕನ ಬಾಕಿ ನೋಡಲು ಕಾರ್ಡಿನ ಪೆಟ್ಟಿಗೆಯನ್ನೇ ತಡಕಬೇಕಿತ್ತು. ತಿರುಗುವ ಕಾಂತದ ಡ್ರಮ್ಮು ಬೇಗ ಓದಿಸುತ್ತಿತ್ತು, ಆದರೆ ಹೊರಮೈಯಲ್ಲಿ ಮಾತ್ರ ಬರೆಯಲು ಜಾಗ. 1954ರ ಐಬಿಎಂ 650 ಎಂಬ ಕಂಪ್ಯೂಟರಿನ ಡ್ರಮ್ಮಿನಲ್ಲಿ ಹಿಡಿಯುತ್ತಿದ್ದದ್ದು ಹತ್ತಂಕಿಯ 2,000 ಸಂಖ್ಯೆಗಳಷ್ಟೇ.

1952ರಲ್ಲಿ ಐಬಿಎಂ ಕಂಪನಿ ರೆನಾಲ್ಡ್ ಜಾನ್ಸನ್ ಅವರನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಕಳುಹಿಸಿ, ಹೊಸ ಪ್ರಯೋಗಾಲಯ ತೆರೆಯಲು ಹೇಳಿತು. ಜಾನ್ಸನ್ ಮೊದಲು ಶಾಲೆಯ ಮೇಷ್ಟ್ರು. ಉತ್ತರ ಪತ್ರಿಕೆಯ ಪೆನ್ಸಿಲ್ ಗುರುತನ್ನು ತಾನೇ ಓದುವ ಯಂತ್ರ ಮಾಡಿ ಐಬಿಎಂ ಸೇರಿದ್ದರು. ಅವರ ತಂಡ ಡ್ರಮ್ಮು ಬಿಟ್ಟು ತಟ್ಟೆಗಳನ್ನು ಹಿಡಿಯಿತು. ಒಂದರ ಮೇಲೊಂದು ಜೋಡಿಸಿದರೆ, ಎರಡೂ ಮೈಯಲ್ಲಿ ಬರೆಯಬಹುದು, ಜಾಗ ಎಷ್ಟೋ ಪಟ್ಟು ಜಾಸ್ತಿ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಎರಡಡಿ ಅಗಲದ ಅಲ್ಯೂಮಿನಿಯಂ ತಟ್ಟೆ ತಿರುಗುವಾಗ ಓಲಾಡುತ್ತದೆ. ಗುರುತು ಓದುವ ಚಿಕ್ಕ ಭಾಗ, ಅಂದರೆ ಹೆಡ್ಡು, ತಾಗಿದರೆ ತಟ್ಟೆಗೆ ಬಳಿದ ಕಾಂತದ ಲೇಪ ಕೆರೆದು ಹೋಗುತ್ತದೆ, ದೂರ ಸರಿದರೆ ಕಾಂತದ ಗುರುತೇ ಸಿಗುವುದಿಲ್ಲ. ಹೆಡ್ಡಿನಿಂದ ಒತ್ತಡದ ಗಾಳಿ ಊದಿಸಿ, ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಅದನ್ನು ತೇಲಿಸಿದರು. ಲೇಪ ಸಮನಾಗಿ ಹರಡುವುದು ಇನ್ನೊಂದು ತಲೆನೋವು. ಕಬ್ಬಿಣದ ಆಕ್ಸೈಡ್ ಬೆರೆಸಿದ ಬಣ್ಣವನ್ನು ಕಾಲುಚೀಲದ ತೆಳು ಬಟ್ಟೆಯಲ್ಲಿ ಸೋಸಿ, ತಿರುಗುವ ತಟ್ಟೆಯ ನಡುವೆ ಸುರಿದರು. ತಿರುಗುವ ವೇಗಕ್ಕೆ ಬಣ್ಣ ಅಂಚಿನವರೆಗೂ ತಾನಾಗಿ ಹರಡಿತು. ಇಷ್ಟು ಸರಳ ಉಪಾಯ ಹೊಳೆಯುವುದಕ್ಕೂ ಕೈ ಕೆಸರಾಗುವ ಕೆಲಸ ಬೇಕು ಎಂದು ನನಗನಿಸುತ್ತದೆ.

1956ರ ಸೆಪ್ಟೆಂಬರಿನಲ್ಲಿ ಈ ತಟ್ಟೆಗಳ ಹಾರ್ಡ್ ಡಿಸ್ಕ್ ಇದ್ದ ಐಬಿಎಂ ಕಂಪ್ಯೂಟರ್ ರಾಮ್ಯಾಕ್ ಹೊರಬಂತು. 50 ತಟ್ಟೆ, ನಿಮಿಷಕ್ಕೆ 1,200 ಸುತ್ತು, ಸುಮಾರು ಒಂದು ಟನ್ ತೂಕ. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಅಂದರೆ ಇಂದಿನ ಒಂದು ಫೋಟೋದಷ್ಟು! ಬಾಡಿಗೆ ತಿಂಗಳಿಗೆ 3,200 ಡಾಲರ್. ನನ್ನ ಮಟ್ಟಿಗೆ ಅದರ ದೊಡ್ಡಸ್ತಿಕೆ ಇರುವುದು ಗಾತ್ರದಲ್ಲಲ್ಲ, ಅದರ ತೋಳಿನಲ್ಲಿ. ಮೇಲೆ ಕೆಳಗೆ ಸರಿಯುವ ಆ ತೋಳು ಒಂದು ಸೆಕೆಂಡಿನೊಳಗೆ ಯಾವ ಲೆಕ್ಕಕ್ಕೆ ಬೇಕಾದರೂ ನೇರವಾಗಿ ತಲುಪುತ್ತಿತ್ತು.

ಆಮೇಲೆ ಊದುವ ಗಾಳಿಯೂ ಬೇಡವಾಯಿತು. ತಟ್ಟೆ ತಿರುಗುವಾಗ ಏಳುವ ಗಾಳಿಯ ಮೇಲೆಯೇ ಹೆಡ್ಡು ತೇಲತೊಡಗಿತು. ರಾಮ್ಯಾಕ್ ಕೆಲಸದಲ್ಲಿದ್ದ ಅಲ್ ಶುಗಾರ್ಟ್ ಮುಂದೆ ಹಾರ್ಡ್ ಡಿಸ್ಕ್ ಮಾಡುವ ಸೀಗೇಟ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದರು. 1980ರಲ್ಲಿ ಆ ಕಂಪನಿ 5 ಮೆಗಾಬೈಟಿನ, ಅಂದರೆ ಸುಮಾರು 50 ಲಕ್ಷ ಅಕ್ಷರ ಹಿಡಿಯುವ ಡಿಸ್ಕನ್ನು ಮೇಜಿನ ಮೇಲಿನ ಕಂಪ್ಯೂಟರಿನೊಳಗೆ ಹಿಡಿಸುವಷ್ಟು ಚಿಕ್ಕದು ಮಾಡಿತು.