ಆನ್‌ಲೈನ್ ಅಂಗಡಿಗೆ ಗ್ರಾಹಕ ಮತ್ತೆ ಬರುವುದು ಯಾಕೆ?

ಪರೀಕ್ಷೆಯಲ್ಲಿ ಆನ್‌ಲೈನ್ ಅಂಗಡಿಗಳ ಗ್ರಾಹಕ ನಿಷ್ಠೆಯ ಬಗ್ಗೆ ಪ್ರಶ್ನೆ ಬಂದರೆ, 'ಗ್ರಾಹಕ ನಿಷ್ಠೆ' ಅಂದರೆ ಮತ್ತೆ ಮತ್ತೆ ಕೊಳ್ಳುವುದು ಎಂದು ಬರೆದು ಮುಗಿಸಬೇಡಿ. 1994ರಲ್ಲಿ ಡಿಕ್ ಮತ್ತು ಬಸು ಎಂಬ ಸಂಶೋಧಕರು ಇದನ್ನು ಎರಡಾಗಿ ಬಿಡಿಸಿದರು: ಕೊಳ್ಳುವ ರೂಢಿ ಒಂದು, ಬ್ರ್ಯಾಂಡ್ ಮೇಲಿನ ಒಲವು ಇನ್ನೊಂದು. ರೂಢಿ ಇದ್ದು ಒಲವು ಇಲ್ಲದಿದ್ದರೆ ಅದು ಹುಸಿ ನಿಷ್ಠೆ. ಸುಮ್ನೆ ಆಫರ್ ಇದೆ ಅಂತ ಕೊಳ್ಳುವವರು ಬೇರೆ ಆ್ಯಪ್‌ನಲ್ಲಿ ಐವತ್ತು ರೂಪಾಯಿ ಕಡಿಮೆ ಕಂಡರೆ ಅತ್ತ ಹೋಗುತ್ತಾರೆ, ಅಲ್ವಾ?

ಒಲವು ಹೇಗೆ ಹುಟ್ಟುತ್ತದೆ ಅನ್ನುವುದಕ್ಕೆ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. 2007ರಲ್ಲಿ ಅದು ಪುಸ್ತಕ ಮಾರುತ್ತಾ ಶುರುವಾಯಿತು. ಕಣ್ಣಿಗೆ ಕಾಣದ ಅಂಗಡಿಗೆ ಮೊದಲೇ ದುಡ್ಡು ಕಟ್ಟಲು ಜನರಿಗೆ ಆಗ ಭಯ. 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದರು. ಪಾರ್ಸೆಲ್ ಬಾಗಿಲಿಗೆ ಬಂದ ಮೇಲೆ ದುಡ್ಡು ಎಣಿಸಿದರೆ ಸಾಕು. ಇದನ್ನು ಬರೀ ಪಾವತಿ ಸೌಲಭ್ಯ ಅಂತ ನೋಡಬೇಡಿ. ಗ್ರಾಹಕ ಬೇಡವೆಂದರೆ ಹೋಗಿಬರುವ ಖರ್ಚು ಕಂಪನಿಯ ತಲೆಗೆ. ಅಂದರೆ ಗ್ರಾಹಕನ ಭಯವನ್ನು ಕಂಪನಿ ತಾನೇ ಹೊತ್ತುಕೊಂಡಿತು. ನಂಬಿಕೆ ಬೆಳೆದದ್ದು ಹಾಗೆ.

ಆದರೆ ಹೆಸರು ದೊಡ್ಡದಾದಷ್ಟೂ ನಿರೀಕ್ಷೆ ಜಾಸ್ತಿ. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್‌ನ 'ಬಿಗ್ ಬಿಲಿಯನ್ ಡೇ' ರಿಯಾಯಿತಿ ಮಾರಾಟ ನಡೆಯಿತು. ಸೈಟ್ ತಡವರಿಸಿತು, ಸ್ಟಾಕ್ ಬೇಗನೆ ಖಾಲಿಯಾಯಿತು, ಕೆಲವರ ಆರ್ಡರ್ ರದ್ದಾಯಿತು. ಮರುದಿನವೇ ಕಂಪನಿಯ ಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗ್ರಾಹಕರಿಗೆ ಪತ್ರ ಬರೆದು ಕ್ಷಮೆ ಕೇಳಿದರು. ತೃಪ್ತಿಯನ್ನು ಗ್ರಾಹಕ ತನ್ನ ನಿರೀಕ್ಷೆಯ ಜೊತೆ ಹೋಲಿಸಿಯೇ ಅಳೆಯುತ್ತಾನೆ ಎಂದು ಸಂಶೋಧಕ ಆಲಿವರ್ 1980ರಲ್ಲೇ ತೋರಿಸಿದ್ದರು. ಆ ಸಿದ್ಧಾಂತಕ್ಕೆ ಈ ಘಟನೆಯನ್ನೇ ಜೋಡಿಸಿ ಬರೆಯಿರಿ.

ಇನ್ನು ಸೇವೆಯ ಅಳತೆ. ಪರಶುರಾಮನ್, ಝೈಥಮಲ್, ಮಲ್ಹೋತ್ರಾ ಎಂಬ ಸಂಶೋಧಕರು 2005ರಲ್ಲಿ ಎರಡು ಮಾಪಕ ಕೊಟ್ಟರು. ಮೊದಲನೆಯದು ಎಲ್ಲ ಸರಿಯಿದ್ದಾಗಿನದು: ಸೈಟ್ ಬಳಸಲು ಸುಲಭವೇ, ಕೈಕೊಡದೆ ನಡೆಯುತ್ತದೆಯೇ, ಹೇಳಿದ ವಸ್ತು ಹೇಳಿದ ಹೊತ್ತಿಗೆ ಬಂತೇ, ನಮ್ಮ ಮಾಹಿತಿ ಭದ್ರವೇ. ಎರಡನೆಯದು ಎಡವಟ್ಟಾದಾಗಿನದು: ಸ್ಪಂದನೆ, ಪರಿಹಾರ, ಸಂಪರ್ಕ. ಪರೀಕ್ಷೆಗೆ ಓದುವವರು ಈ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ನಿಷ್ಠೆಯ ಪ್ರಶ್ನೆಗೆ ಅದೇ ಜೀವಾಳ.

ಕುಕ್ಕರ್ ತರಿಸಿದಿರಿ, ಮುಚ್ಚಳ ನೆಗ್ಗಿದೆ. ಫೋಟೋ ಕಳಿಸಿದ ಕೂಡಲೇ "ನಾಳೆ ಬೇರೆ ಕಳಿಸುತ್ತೇವೆ, ಹಳೆಯದನ್ನು ಅದನ್ನು ತಂದವರ ಕೈಗೇ ಕೊಡಿ" ಎಂಬ ಉತ್ತರ ಬಂದು, ಹಾಗೇ ನಡೆದರೆ ಆ ಅಂಗಡಿಯ ಮೇಲೆ ಭರವಸೆ ಮೊದಲಿಗಿಂತ ಹೆಚ್ಚಬಹುದು. ಎಡವಟ್ಟನ್ನು ಸರಿಪಡಿಸುವುದು ಸೇವಾ ಚೇತರಿಕೆ; ಹೀಗೆ ಭರವಸೆ ಮೊದಲಿಗಿಂತ ಹೆಚ್ಚುವುದಕ್ಕೆ ಸೇವಾ ಚೇತರಿಕೆಯ ವಿರೋಧಾಭಾಸ ಅನ್ನುತ್ತಾರೆ. ನಮ್ಮ ದೇಶದ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇದು ಕನಿಷ್ಠ ಮಟ್ಟ ಮಾತ್ರ. ನೆಗ್ಗಿದ ಕುಕ್ಕರ್ ಇಟ್ಟುಕೊಂಡು ತಿಂಗಳು ಕಾದವರಿಗೆ ಒಲವು ಎಲ್ಲಿಂದ ಬರಬೇಕು?

ಈ ವಿರೋಧಾಭಾಸಕ್ಕೊಂದು ಮಿತಿ ಇದೆ, ಉತ್ತರದಲ್ಲಿ ಮರೆಯಬೇಡಿ. ಮ್ಯಾಕ್ಸ್‌ಹ್ಯಾಮ್ ಮತ್ತು ನೆಟೆಮೆಯರ್ ಎಂಬ ಸಂಶೋಧಕರು 2002ರಲ್ಲಿ ಕಂಡುಕೊಂಡಂತೆ, ಒಂದು ಎಡವಟ್ಟಿನ ನಂತರ ಕಾಣುವ ಈ ಲಾಭ ಎರಡನೆಯ ಎಡವಟ್ಟಿನ ನಂತರ ಕಾಣುವುದಿಲ್ಲ.