ಸಮಾನದುಃಖಿಗಳ ಗುಂಪು ಮತ್ತು ಆತ್ಮಹತ್ಯೆ ತಡೆ: ಜೊತೆಗೆ ಓದುವವರಿಗೆ ಟಿಪ್ಪಣಿ

ಪೀರ್ ಸಪೋರ್ಟ್ ಗುಂಪು ಎಂದರೆ ಒಂದೇ ಬಗೆಯ ಸಂಕಟ ಉಂಡವರು ತಾವೇ ಸೇರಿ, ತಾವೇ ನಡೆಸುವ ಕೂಟ. ಇದನ್ನು ಗ್ರೂಪ್ ಥೆರಪಿಯ ಜೊತೆ ಬೆರೆಸಬೇಡಿ. ಥೆರಪಿಯಲ್ಲಿ ಚಿಕಿತ್ಸೆ ಕೊಡುವವರು ಒಬ್ಬರು, ಪಡೆಯುವವರು ಉಳಿದವರು. ಇಲ್ಲಿ ಆ ಗೆರೆ ಇಲ್ಲ. ಈ ವಾರ ಅತ್ತವರು ಮುಂದಿನ ವಾರ ಇನ್ನೊಬ್ಬರ ಅಳಲು ಕೇಳುತ್ತಾರೆ. ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ), ನರ್ಸಿಂಗ್, ಮನಶ್ಶಾಸ್ತ್ರ ಓದುವ ನಾವು ಪರೀಕ್ಷೆಯಲ್ಲಿ "ಕೇಳುವ ಕಿವಿ ಸಿಗುತ್ತದೆ, ಅದೇ ಗುಂಪಿನ ಉಪಯೋಗ" ಎಂದು ಬರೆದು ಮುಂದೆ ಹೋಗುತ್ತೇವೆ. ಅದು ಅರ್ಧ ಉತ್ತರ. ಉಳಿದ ಅರ್ಧವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ, ಅದಕ್ಕೇ ಈ ಟಿಪ್ಪಣಿ.

ಕೊಡುವವರಿಗೆ ಸಿಗುವುದೇನು?

1935ರಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ವ್ಯವಹಾರದ ಮೇಲೆ ಓಹಾಯೊ ರಾಜ್ಯದ ಆಕ್ರನ್ ನಗರಕ್ಕೆ ಹೋಗಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಹೋದ ಕೆಲಸ ಕೈಕೊಟ್ಟಿತು, ಮತ್ತೆ ಕುಡಿಯುವ ಆಸೆ ಕೆರಳಿತು. ಆಗ ಅವರು ಊರಿನ ಪಾದ್ರಿಗಳಿಗೆ ಫೋನ್ ಮಾಡಿ ಹುಡುಕಿದ್ದು ತಮ್ಮಂತೆಯೇ ಕುಡಿತಕ್ಕೆ ಸಿಕ್ಕಿಬಿದ್ದ ಇನ್ನೊಬ್ಬರನ್ನು. ಸಿಕ್ಕವರು ಬಾಬ್ ಸ್ಮಿತ್ ಎಂಬ ಸರ್ಜನ್. ಬಿಲ್ ಹೋಗಿದ್ದು ಮುಖ್ಯವಾಗಿ ತಾನು ಉಳಿಯಲೆಂದು, ಉಳಿದವರು ಇಬ್ಬರೂ. ಕುಡಿತ ಬಿಡಬಯಸುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಆ ಭೇಟಿಯಿಂದ. 1965ರಲ್ಲಿ ಫ್ರಾಂಕ್ ರೀಸ್‌ಮನ್ ಇಂಥ ಗುಂಪುಗಳನ್ನು ನೋಡಿ 'ಹೆಲ್ಪರ್ ಥೆರಪಿ' ತತ್ವವನ್ನು ಮುಂದಿಟ್ಟರು: ನೆರವು ಪಡೆದವರಿಗಿಂತ ಕೆಲವೊಮ್ಮೆ ಕೊಟ್ಟವರೇ ಹೆಚ್ಚು ಚೇತರಿಸಿಕೊಳ್ಳುತ್ತಾರೆ.

ಈಗ ಇದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಮಂಡಿಸಿದ ಸಿದ್ಧಾಂತದ ಪಕ್ಕದಲ್ಲಿಟ್ಟು ಓದಿ. ಸಾಯಬೇಕೆಂಬ ಬಯಕೆಯ ಹಿಂದೆ ಎರಡು ಭಾವನೆಗಳು ಒಟ್ಟಿಗೆ ಇರುತ್ತವೆ ಎನ್ನುತ್ತಾರೆ ಅವರು. ಒಂದು, ನಾನು ಯಾರಿಗೂ ಸೇರಿದವನಲ್ಲ ಎಂಬುದು. ಇನ್ನೊಂದು, ನಾನು ಎಲ್ಲರಿಗೂ ಹೊರೆ ಎಂಬುದು. ಬಯಕೆಯನ್ನು ಕೃತಿಗೆ ಇಳಿಸುವ ಸಾಮರ್ಥ್ಯ ಮೂರನೆಯ ಅಂಶ, ಅದು ಬೇರೆ ಚರ್ಚೆ. ನಮ್ಮ ಮನೆಗಳಲ್ಲಿ ಎರಡನೆಯ ಭಾವನೆ ಯಾವ ಮಾತಿನಲ್ಲಿ ಹೊರಬರುತ್ತದೆಂದು ನಿಮಗೂ ಗೊತ್ತಿದೆ: "ನಾನೊಬ್ಬ ಇಲ್ದಿದ್ರೆ ಇವ್ರೆಲ್ಲಾ ನೆಮ್ಮದಿಯಾಗಿರ್ತಾರೆ." ಸಾಲ ಮೈಮೇಲಿರುವ ರೈತ, ಫೇಲಾದ ವಿದ್ಯಾರ್ಥಿ, ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವ ತಾಯಿ, ಯಾರ ಬಾಯಲ್ಲಾದರೂ ಬರಬಹುದು.

ಒಳ್ಳೆಯ ಆಪ್ತಸಮಾಲೋಚಕರು ಮೊದಲ ಭಾವನೆಯನ್ನು ಒಂದಿಷ್ಟು ಕರಗಿಸಬಲ್ಲರು. ಎರಡನೆಯದನ್ನು ಕರಗಿಸುವುದು ಅವರಿಗೂ ಕಷ್ಟ, ಏಕೆಂದರೆ ಅವರೆದುರು ಕುಳಿತಾಗಲೂ ನಾವು ಪಡೆಯುವವರೇ. ಗುಂಪಿನಲ್ಲಿ ಹಾಗಲ್ಲ. "ನೀವು ಹೋದ ವಾರ ಹೇಳಿದ್ದನ್ನು ನೆನೆದು ಆ ರಾತ್ರಿ ಕಳೆದೆ" ಎಂದು ಎದುರಿನ ಕುರ್ಚಿಯಲ್ಲಿದ್ದವರು ಹೇಳಿದರೆ, ತಾನು ಹೊರೆ ಎಂಬ ನಂಬಿಕೆಯ ವಿರುದ್ಧ ಜೀವಂತ ಸಾಕ್ಷಿ ಸಿಕ್ಕಂತೆ. ಗುಂಪಿನ ನಿಜವಾದ ಔಷಧ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮ್ಯಾಸಚೂಸೆಟ್ಸಿನ ಗುಂಪುಗಳು

ಆತ್ಮಹತ್ಯೆಯ ಯೋಚನೆಗೆಂದೇ ರೂಪುಗೊಂಡ ಗುಂಪಿನ ಮಾದರಿ ಬೇಕಿದ್ದರೆ ಅಮೆರಿಕದ ಪಶ್ಚಿಮ ಮ್ಯಾಸಚೂಸೆಟ್ಸಿನಲ್ಲಿ ಶುರುವಾದ 'ಆಲ್ಟರ್ನೇಟಿವ್ಸ್ ಟು ಸುಸೈಡ್' ನೋಡಿ. ನಡೆಸುವ ಸಂಸ್ಥೆಯ ಈಗಿನ ಹೆಸರು ವೈಲ್ಡ್‌ಫ್ಲವರ್ ಅಲಯನ್ಸ್. ಸಭೆ ನಡೆಸಿಕೊಡುವವರು ಸ್ವತಃ ಆ ಯೋಚನೆಯನ್ನು ಹಾದು ಬಂದವರು. ಅಲ್ಲಿ ಅಪಾಯ ಅಳೆಯುವ ಫಾರ್ಮ್ ಇಲ್ಲ. ಬದುಕುತ್ತೇನೆಂದು ಯಾರಿಂದಲೂ ಆಣೆ ಹಾಕಿಸಿಕೊಳ್ಳುವುದಿಲ್ಲ. ಸಾಯಬೇಕೆನಿಸುತ್ತಿದೆ ಎಂದ ಮಾತ್ರಕ್ಕೆ ಪೊಲೀಸರಿಗೋ ಆಂಬುಲೆನ್ಸಿಗೋ ಫೋನ್ ಹೋಗುವುದಿಲ್ಲ. ಅನುಭವವನ್ನು ಮಾನ್ಯ ಮಾಡುವುದು, ಕುತೂಹಲದಿಂದ ಕೇಳುವುದು, ತನ್ನ ನೋವನ್ನೂ ಬಿಚ್ಚಿಡುವುದು, ಸಮುದಾಯ ಕಟ್ಟುವುದು: ಅವರ ಕೆಲಸ ನಿಂತಿರುವುದು ಈ ನಾಲ್ಕರ ಮೇಲೆ.

ಇದು ಅಪಾಯಕಾರಿ ಎಂದು ಮೊದಲ ಓದಿಗೆ ಅನ್ನಿಸುವುದು ಸಹಜ. ಅವರ ತರ್ಕ ಹೀಗಿದೆ. ಒಂದು ಮಾತು ಆಡಿದ ಕೂಡಲೇ ಬೀಗ ಹಾಕಿದ ವಾರ್ಡಿಗೆ ಕಳಿಸುತ್ತಾರೆಂದು ಗೊತ್ತಾದವರು ಆ ಮಾತನ್ನು ಮತ್ತೆ ಆಡುವುದಿಲ್ಲ. "ಈಗ ಪರವಾಗಿಲ್ಲ" ಎನ್ನಲು ಕಲಿಯುತ್ತಾರೆ. ಯೋಚನೆ ಹೋಗಿರುವುದಿಲ್ಲ, ಮಾತು ಮಾತ್ರ ಹೋಗಿರುತ್ತದೆ.

ಆದರೆ ನಾವು ನಾಳೆ ಕಾಲೇಜಿನಲ್ಲೋ ತಾಲ್ಲೂಕು ಆಸ್ಪತ್ರೆಯ ಹಿಂದಿನ ಕೋಣೆಯಲ್ಲೋ ಗುಂಪು ಶುರುಮಾಡಿದರೆ ಈ ಮಾದರಿಯನ್ನು ಇಡಿಯಾಗಿ ತರಬೇಕೆಂದು ನಾನು ಹೇಳಲಾರೆ. ಗುಟ್ಟು ಎಲ್ಲಿಯವರೆಗೆ ಉಳಿಯುತ್ತದೆ, ಜೀವಕ್ಕೆ ಆ ಗಳಿಗೆಯಲ್ಲೇ ಅಪಾಯವಿದ್ದರೆ ಯಾರಿಗೆ ತಿಳಿಸುತ್ತೇವೆ ಎಂಬುದನ್ನು ಮೊದಲ ದಿನವೇ ಎಲ್ಲರೆದುರು ಹೇಳಿಬಿಡಬೇಕು. ತಿಳಿಸುವುದಾದರೂ ಆ ವ್ಯಕ್ತಿಗೆ ಹೇಳಿಯೇ ತಿಳಿಸಬೇಕು, ಬೆನ್ನ ಹಿಂದೆ ಅಲ್ಲ. ಬಳಸಿದ ವಿಧಾನದ ವಿವರಗಳು ಸಭೆಯಲ್ಲಿ ಬೇಡ. ಕೇಳಿದವರ ತಲೆಯಲ್ಲಿ ಅದು ಕೂತುಬಿಡಬಹುದು. ಆತ್ಮಹತ್ಯೆಯಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಬೇರೆಯೇ ಗುಂಪು ಇರಲಿ. ಅವರ ಪ್ರಶ್ನೆಗಳು ಬೇರೆ.

"ಕೇಳಿದರೆ ತಲೆಗೆ ಹುಳ ಬಿಟ್ಟಂತಾಗುವುದಿಲ್ಲವೇ?"

ಕ್ಲಾಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ. ಮೆಡ್‌ಲಿನ್ ಗೌಲ್ಡ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದ 6 ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತ್ಮಹತ್ಯೆಯ ಬಗ್ಗೆ ನೇರವಾಗಿ ಪ್ರಶ್ನೆ ಎದುರಿಸಿದವರಲ್ಲಿ ಸಂಕಟವೂ ಹೆಚ್ಚಲಿಲ್ಲ, ಆತ್ಮಹತ್ಯೆಯ ಯೋಚನೆಯೂ ಹೆಚ್ಚಲಿಲ್ಲ. "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಎಂದು ಸುತ್ತುಬಳಸದೆ ಕೇಳಿ.

ಪುರಾವೆ ಎಷ್ಟಿದೆ?

ಇಲ್ಲಿ ಉತ್ಸಾಹಕ್ಕೆ ಲಗಾಮು ಬೇಕು. ಗುಂಪುಗಳಿಂದ ಸಾವಿನ ಸಂಖ್ಯೆಯೇ ಇಳಿಯಿತೆಂದು ತೋರಿಸುವುದು ಕಷ್ಟ, ಏಕೆಂದರೆ ಅದನ್ನು ಸಾಬೀತುಮಾಡಲು ಬಹಳ ದೊಡ್ಡ ಸಂಖ್ಯೆಯ ಜನರನ್ನು ಬಹುಕಾಲ ಹಿಂಬಾಲಿಸಬೇಕು. ಹತ್ತಿರದ ಪುರಾವೆಗಳಲ್ಲಿ ಎರಡನ್ನು ನೆನಪಿಡಿ. ಇಂಗ್ಲೆಂಡಿನಲ್ಲಿ ಮಾನಸಿಕ ಬಿಕ್ಕಟ್ಟಿನ ತುರ್ತು ತಂಡದ ಆರೈಕೆ ಮುಗಿಸಿ ಹೊರಬಂದ 441 ಜನರ ಅಧ್ಯಯನ 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅನುಭವಸ್ಥ ಪೀರ್ ಕಾರ್ಯಕರ್ತರ ನೆರವು ಸಿಕ್ಕವರಲ್ಲಿ ವರ್ಷದೊಳಗೆ ಮತ್ತೆ ತುರ್ತು ಆರೈಕೆಗೆ ಮರಳಿದವರು ಶೇ. 29, ಉಳಿದವರಲ್ಲಿ ಶೇ. 38. ಗಮನಿಸಿ, ಇದು ಗುಂಪಲ್ಲ, ಒಬ್ಬರಿಗೊಬ್ಬರು ಕೊಟ್ಟ ಬೆಂಬಲ.

ಇನ್ನೊಂದು ವಿಶ್ವ ಆರೋಗ್ಯ ಸಂಸ್ಥೆಯದು. ಚೆನ್ನೈ ಸೇರಿ 5 ಕಡೆ, ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರ ಮೇಲೆ ನಡೆಯಿತು, 2008ರಲ್ಲಿ ಪ್ರಕಟವಾಯಿತು. ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ 9 ಬಾರಿ ಫೋನ್ ಅಥವಾ ಭೇಟಿ, ಅಷ್ಟೇ. ಇದು ಸಿಕ್ಕವರಲ್ಲಿ ಆ ಅವಧಿಯಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇ. 0.2, ಎಂದಿನ ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ ಶೇ. 2.2. ಇದೂ ಪೀರ್ ಗುಂಪಿನ ಪ್ರಯೋಗವಲ್ಲ. ಆದರೂ ಒಬ್ಬರು ಬಿಡದೆ ವಿಚಾರಿಸಿಕೊಳ್ಳುವುದು ಎಷ್ಟು ದೊಡ್ಡದೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿಯನ್ನು ನಾನು ಓದಿಲ್ಲ. ವಾರವಾರ ಸೇರುವ ಗುಂಪು ಈ ವಿಚಾರಿಸಿಕೊಳ್ಳುವಿಕೆಯನ್ನು ತಾನಾಗಿ ಮಾಡುತ್ತದೆ.

ನಮ್ಮಲ್ಲಿ

ಭಾರತದಲ್ಲಿ ಇಂಥ ಗುಂಪು ಬೆಳೆಯಲು ಕಾನೂನೇ ಅಡ್ಡಿಯಾಗಿತ್ತು. ಭಾರತೀಯ ದಂಡ ಸಂಹಿತೆಯ 309ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಯ ಯತ್ನವೇ ಅಪರಾಧವಾಗಿತ್ತು. ಕೇಸಾಗುವ ಹೆದರಿಕೆಯಲ್ಲಿ ಮನೆಯವರು ಮುಚ್ಚಿಡುತ್ತಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಬೇರೆ ಸಾಬೀತಾಗದ ಹೊರತು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ನ್ನೇ ಬಿಡಲಾಗಿದೆ. ಸರ್ಕಾರಿ ನೌಕರರ ಕರ್ತವ್ಯಕ್ಕೆ ತಡೆಯೊಡ್ಡಲೆಂದು ಯತ್ನಿಸಿದರೆ ಮಾತ್ರ 226ನೇ ಸೆಕ್ಷನ್ ಇದೆ.

ಗುಂಪಿನ ಕಲ್ಪನೆ ಕರ್ನಾಟಕಕ್ಕೆ ಹೊಸದಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಮುಗಿಸಿದವರು ಊರಿನಲ್ಲಿ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ, ಕುಡಿತ ಬಿಟ್ಟ ನೂರು ದಿನಕ್ಕೆ ಶತದಿನೋತ್ಸವ ಮಾಡುತ್ತಾರೆ. ಕುಡಿತ ಆತ್ಮಹತ್ಯೆಯ ದೊಡ್ಡ ಅಪಾಯಕಾರಿ ಅಂಶಗಳಲ್ಲಿ ಒಂದು. ಹಾಗಾಗಿ ಕ್ಷೇತ್ರಕಾರ್ಯಕ್ಕೆ ವಿಷಯ ಹುಡುಕುತ್ತಿರುವವರು ಇಂಥ ಸಮಿತಿಯೊಂದರ ಸಭೆಗೆ, ಅವರ ಒಪ್ಪಿಗೆ ಪಡೆದು, ಹೋಗಿ ಕೂರಿ. ಯಾರು ಯಾರಿಗೆ ಏನು ಹೇಳುತ್ತಾರೆ, ಹೇಳಿದ ಮೇಲೆ ಹೇಳಿದವರಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಬರೆದುಕೊಳ್ಳಿ.

ಓದುತ್ತಿರುವ ನಿಮಗೇ ಈ ಯೋಚನೆ ಬರುತ್ತಿದ್ದರೆ ಟಿಪ್ಪಣಿ ಇಲ್ಲಿಗೇ ಬಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ನಂಬುವ ಒಬ್ಬರಿಗೆ ಹೇಳಿ, ಅವರನ್ನು ಪಕ್ಕದಲ್ಲೇ ಇರಿಸಿಕೊಂಡು ಫೋನ್ ಮಾಡಿ.